ಒಂದು ಮೂಳೆಗೆ ನೂರು ಹಕ್ಕಿ

೧೩ ಜನವರಿ ೨೦೨೩, ಶುಕ್ರವಾರ

ಮೂಳೆ ತೊಳೆದಾಯ್ತು. ಐವತ್ತೂ ಇವೆ. ಕುರಿಯ ಕಾಲಿನ ಗಿಣ್ಣು ಮೂಳೆ, ಮಕ್ಕಳು ಅಂಗಳದಲ್ಲಿ ಆಡುವಂಥವು. ನಮ್ಮವು ಆಟಕ್ಕಲ್ಲ. ಕೋಟಿನ ಬಲ ಜೇಬು ಕಿತ್ತುಹೋಗಿತ್ತು, ಹೊಲಿದೆ.

ನಾಳೆ ನಮ್ಮ ಸರೋವರದ ಕಾಮಿಶ್ತೂ ಕೊಲ್ಲಿಯಲ್ಲಿ ವರ್ಷದ ಹಕ್ಕಿ ಎಣಿಕೆ. ಮೂವತ್ತೈದನೆಯದು. ಶುರು ಮಾಡಿದಾಗ ನನಗೆ ಇಪ್ಪತ್ತೊಂಬತ್ತು, ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ಮುಕಾಶ್ ಬೇಟೆಗಾರನ ಮಗ. ಊರೆಲ್ಲ ಹದ್ದಿನ ಕಣ್ಣು ಅಂತ ಕರೀತಿತ್ತು. ಆ ಕಣ್ಣು ನೋಡಿಯೇ ಮದುವೆಯಾದೆ... ಬೇರೇನಿತ್ತು ಮಣ್ಣು ಅವನ ಹತ್ತಿರ!

ಅವನು ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರೋದು. ನೂರು ಹಕ್ಕಿ ಆದ ಕೂಡಲೇ "ಒಂದು" ಅನ್ನೋದು. ನಾನು ಒಂದು ಮೂಳೆ ಬಲ ಜೇಬಿನಿಂದ ಎಡ ಜೇಬಿಗೆ ಹಾಕೋದು. ಎರಡು, ಮೂರು ಅನ್ನೋ ಹಾಗಿಲ್ಲ — ಬರೀ ಒಂದು, ಮತ್ತೆ ಒಂದು. ಲೆಕ್ಕ ಜೇಬಿಂದು. ಆ ಚಳಿಯಲ್ಲಿ ಪೆನ್ನು ಬರೆಯಲ್ಲ. ೧೯೯೧ರಲ್ಲಿ ಐವತ್ತು ಮೂಳೆಯೂ ಸಾಲದೆ ಬುತ್ತಿಗೆ ಕರಿದು ತಂದಿದ್ದ ಮೂರು ಬೋರ್ಸೋಕ್ ಜೇಬಿಗಿಳಿದಿದ್ದವು. ಮನೆಗೆ ಬಂದು ಎಣಿಸಿ, ಚಹಾ ಜೊತೆ ತಿಂದ್ವಿ.

ಮಧ್ಯಾಹ್ನ ಚೋಲ್ಪೋನಾಯ್ ಫೋನು. ನನ್ನ ಹಳೇ ವಿದ್ಯಾರ್ಥಿನಿ, ಈಗ ನಗರದ ವನ್ಯಜೀವಿ ಆಫೀಸಿನಲ್ಲಿದಾಳೆ, ನಮ್ಮ ಎಣಿಕೆಯೆಲ್ಲ ಅವಳ ಮೇಜಿಗೇ ಹೋಗೋದು. ಎಷ್ಟು ದೊಡ್ಡವಳಾದರೂ ನಾನು ಅವಳಿಗೆ ಎಜೆ, ಅಕ್ಕ; ಮುಕಾಶ್ ಬಾಯ್ಕೆ, ಅಣ್ಣ.

"ಎಜೆ, ಇಡೀ ಸರೋವರದಲ್ಲಿ ಹಕ್ಕಿ ಕಮ್ಮಿಯಾಗದೆ ಇರೋ ಕೊಲ್ಲಿ ನಿಮ್ಮದೊಂದೇ. ಮಾರ್ಚಿನಲ್ಲಿ ಮುಕಾಶ್ ಬಾಯ್ಕೆಯವರಿಗೆ ಚಪಾನ್ ನಿಲುವಂಗಿ ಹೊದಿಸಿ ಗೌರವ ಮಾಡ್ತೀವಿ. ಕರ್ಕೊಂಡು ಬನ್ನಿ."

ನಮ್ಮ ಮುದುಕನಿಗೆ ಹೇಳಿದೆ. ಒಲೆಯ ಮುಂದೆ ಸೆಟೆದು ಕೂತ. "ನೀಲಿ ಚಪಾನಾ ಕೇಳು. ಕಂದು ಬಣ್ಣದ್ದಾದ್ರೆ ನಾನು ಬರಲ್ಲ." ಎಪ್ಪತ್ತೊಂದು ವರ್ಷಕ್ಕೆ ಮದುಮಗನ ಜಂಬ.

೧೪ ಜನವರಿ, ಶನಿವಾರ. ಸಂಜೆ ಆರು

ಕೋಟೂ ಬಿಚ್ಚದೆ ಬರೆಯೋಕೆ ಕೂತಿದೀನಿ. ಚಳಿಗಲ್ಲ.

ಉಲಾನ್ ಗಾಳಿ ಜೋರಿತ್ತು. ಅದು ನೀರ ಮೇಲಿಂದಲೇ ಬರೋದು. ಮೊದಲ ವರ್ಷ ಆ ಗಾಳಿಗೆ ಕಿವಿ ಸೋರಿ ಒಂದು ತಿಂಗಳು ಮಲಗಿದ್ದೆ. ಅವತ್ತಿಂದ ನೀರಿಗೆ ಬೆನ್ನು ಹಾಕಿಯೇ ನಿಲ್ಲೋದು ನಾನು. ನೋಡೋನು ಅವನು, ಜೇಬು ನೋಡ್ಕೊಳ್ಳೋಳು ನಾನು.

ಮೂವತ್ತೊಂದನೆಯದೋ ಮೂವತ್ತೆರಡನೆಯದೋ, ಮೂಳೆ ಕೈಗವಸಿನಿಂದ ಜಾರಿತು. ಮಂಜುಗಡ್ಡೆಯ ಮೇಲೆ ಉರುಳಿ ನೀರಿನ ಕಡೆ ಹೋಯ್ತು. ತಿರುಗಿ ಬಗ್ಗಿದೆ. ಎತ್ತಿಕೊಂಡು ತಲೆ ಎತ್ತಿದೆ.

ನೀರು. ಬರೀ ನೀರು. ಟೆಲಿಸ್ಕೋಪು ಹಳೇ ದೋಣಿಕಟ್ಟೆ ಕಡೆ ತಿರುಗಿತ್ತು. ಅಲ್ಲಿ ಕಪ್ಪು ಅಲೆ, ನೊರೆ. ಒಂದು ಪುಕ್ಕವೂ ಇಲ್ಲ.

"ಒಂದು," ಅಂದ ಮುದುಕ.

ಟೆಲಿಸ್ಕೋಪು ಒಂದು ಬೆರಳಷ್ಟು ಆಚೆ ತಿರುಗಿಸಿದ. "ಒಂದು." ಅಲ್ಲೂ ನೀರು.

ನನ್ನ ಕೈ ತಾನಾಗಿಯೇ ಮೂಳೆ ಬದಲಾಯಿಸ್ತಾ ಇತ್ತು. ಕೊನೆಗೆ "ಎಷ್ಟು?" ಅಂದ. "ನಲವತ್ತೊಂದು," ಅಂದೆ. ಜೇಬಲ್ಲಿ ಇದ್ದದ್ದು ಅಷ್ಟೇ ತಾನೆ. "ನೋಡು, ನಮ್ಮ ಕೊಲ್ಲಿ ಗಟ್ಟಿ," ಅಂದ. ದಾರಿಯುದ್ದಕ್ಕೂ ಹಾಡು ಗುನುಗಿದ.

ಆಫೀಸಿಗೆ ಕಳಿಸೋ ಫಾರ್ಮಿನಲ್ಲಿ ಇನ್ನೂ ಏನೂ ಬರೆದಿಲ್ಲ.

೧೫ ಜನವರಿ

ಊಟವಾಗಿ ಮುದುಕ ಮಲಗಿದ. ಟೆಲಿಸ್ಕೋಪು ಹೊತ್ತು ನಾನೊಬ್ಬಳೇ ಹೋದೆ. ಗಾಳಿ ಇಲ್ಲ, ನೀರು ಕನ್ನಡಿ. ಮೂರು ಸಲ ಎಣಿಸಿದೆ. ನಾಮದ ಕೋಳಿ ಏಳುನೂರ ಇಪ್ಪತ್ತು. ಕೆಂಪುತಲೆಯ ಬಾತು ಇನ್ನೂರ ಆರು. ಹಂಸ ಹದಿನಾಲ್ಕು. ಒಟ್ಟು ಒಂಬೈನೂರ ನಲವತ್ತು. ಒಂಬತ್ತು ಮೂಳೆ. ಒಂಬತ್ತು!

ದಡದಲ್ಲಿ ಮೀನಿನ ಊಸೋನ್ ಬಲೆ ಬಿಡಿಸ್ತಾ ಕೂತಿದ್ದ. ಕೇಳಿದೆ.

"ಈಗೆಲ್ಲಿ ಹಕ್ಕಿ ಎಜೆ? ನಾಲ್ಕು ವರ್ಷದ ಹಿಂದೆ ಕೊಲ್ಲಿಯ ಕಾವಲುಗಾರನ್ನ ತೆಗೆದ್ರಲ್ಲ, ಆಮೇಲೆ ಆಚೆ ಊರಿನವರೂ ಬಂದು ಬಲೆ ಹಾಕಿದ್ರು. ಮುಳುಗಿ ಮೇಯೋ ಹಕ್ಕಿಗಳು, ಸಿಕ್ಕಿಕೊಂಡ್ರೆ ಮೇಲೆ ಬರೋಕಾಗಲ್ಲ. ಒಂದೊಂದು ಸಲ ಮೀನಿಗಿಂತ ಹಕ್ಕಿಯೇ ಜಾಸ್ತಿ. ಈಗ ಅದೂ ಇಲ್ಲ ಬಿಡಿ."

"ನೀನ್ಯಾಕೆ ಯಾರಿಗೂ ಹೇಳಲಿಲ್ಲ?"

ನನ್ನ ಮುಖ ನೋಡಿದ. "ಎಣಿಸೋರು ನೀವಲ್ವಾ ಎಜೆ? ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

೧೬ ಜನವರಿ

ಹಳೇ ನೋಟುಬುಕ್ಕೆಲ್ಲ ತೆಗೆದೆ. ಮೊದಲೆಲ್ಲ ಹೇಗಿದೆ — ಮೂವತ್ತಾರು, ಐವತ್ತಮೂರು, ಇಪ್ಪತ್ತೊಂಬತ್ತು, ನಲವತ್ತೇಳು. ಚಳಿ ಹೆಚ್ಚಿದ ವರ್ಷ ಹೆಚ್ಚು, ಕಮ್ಮಿಯಾದ ವರ್ಷ ಕಮ್ಮಿ. ೨೦೧೫ರಿಂದ ಈಚೆಗೆ — ನಲವತ್ತೆರಡು, ನಲವತ್ತೊಂದು, ನಲವತ್ತಮೂರು, ನಲವತ್ತೆರಡು... ಹಕ್ಕಿಗಳೇನು ಸರ್ಕಾರಿ ನೌಕರರಾ, ವರ್ಷ ವರ್ಷ ತಪ್ಪದೆ ಅಷ್ಟಷ್ಟೇ ಬಂದು ಹಾಜರಿ ಹಾಕೋಕೆ? ನನ್ನ ಕೈಯಾರೆ ಬರೆದೆ. ಒಂದು ದಿನವೂ ಅನುಮಾನ ಬರಲಿಲ್ಲ. ಜೀವಶಾಸ್ತ್ರದ ಟೀಚರಂತೆ, ಥೂ.

ಕಣ್ಣು. ಈಗ ಒಂದೊಂದೇ ನೆನಪಾಗ್ತಿದೆ. ಪೇಪರು "ನೀನೇ ಓದು, ನಿನ್ನ ದನಿ ಚೆನ್ನಾಗಿದೆ" ಅಂತ ನನ್ನ ಕೈಗೆ ಕೊಡೋದು. ಚಹಾ ಬಗ್ಗಿಸುವಾಗ ಬಟ್ಟಲ ಅಂಚಿಗೆ ಬೆರಳಿಟ್ಟುಕೊಳ್ಳೋದು. ಬೆರಳು ಬಿಸಿ ಮಾಡ್ಕೊಳ್ತಾನೆ ಅಂತಿದ್ದೆ ನಾನು.

೧೯ ಜನವರಿ

ಮೂವತ್ತೊಂದನೇ ತಾರೀಕಿಗೆ ಫಾರ್ಮು ಹೋಗಬೇಕು. ನಲವತ್ತೊಂದು ಅಂತ ಬರೆದರೆ ಮುದುಕನ ಮೈಮೇಲೆ ಚಪಾನ್ ಬೀಳುತ್ತೆ, ಹದ್ದಿನ ಕಣ್ಣು ಅನ್ನೋ ಹೆಸರು ಉಳಿಯುತ್ತೆ, ಬಲೆಯೂ ಉಳಿಯುತ್ತೆ. ಒಂಬತ್ತು ಅಂತ ಬರೆದರೆ... ಈ ವಯಸ್ಸಿನಲ್ಲಿ ಅವನನ್ನ ಊರ ಮುಂದೆ ಸುಳ್ಳುಗಾರನ್ನಾಗಿ ಮಾಡಬೇಕು. ಮೂವತ್ತೈದು ವರ್ಷದ ಕೆಲಸ ಇಬ್ಬರದ್ದೂ. ಅವನ ಹತ್ತಿರ ಇರೋದು ಅದೊಂದೇ.

ಹೇಳೋಕೆ ಬಾಯಿ ಬರ್ತಿಲ್ಲ. ಮುದುಕ ಚಪಾನಿಗೆ ಒಪ್ಪೋ ಟೋಪಿ ಹುಡುಕ್ತಿದಾನೆ.

೨೪ ಜನವರಿ

ಹೇಳಿದೆ.

ಚಹಾ ಕುಡೀತಿದ್ದ. ಸಕ್ಕರೆ ಡಬ್ಬಿ ಪಕ್ಕಕ್ಕೆ ಸರಿಸಿದೆ. ಅದು ಇದ್ದ ಜಾಗಕ್ಕೇ ಕೈ ಹಾಕಿದ, ತಡಕಿದ. ಆಮೇಲೆ ಕೈ ಅಲ್ಲೇ ನಿಲ್ಲಿಸಿದ.

"ಎಲ್ಲಿಟ್ಟೆ?"

"ಅಲ್ಲೇ ಇದೆ ನೋಡು."

"ಪರೀಕ್ಷೆ ಮಾಡ್ತಿದೀಯಾ ಮುದುಕಿ?"

"ಎಷ್ಟು ವರ್ಷ ಆಯ್ತು?"

ಒಲೆಯೊಳಗೆ ಕಲ್ಲಿದ್ದಲು ಕುಸಿದ ಸದ್ದು.

"ಮೊದಮೊದಲು ಮಬ್ಬು. ಕಪ್ಪಗೆ ಕಂಡದ್ದೆಲ್ಲ ಹಕ್ಕಿ ಅಂದ್ಕೊಂಡೆ. ಆಮೇಲೆ ಕಪ್ಪು ಯಾವುದು, ನೀರು ಯಾವುದು, ಗೊತ್ತಾಗ್ಲಿಲ್ಲ. ಆದ್ರೆ ಎಲ್ಲೆಲ್ಲಿ ಕೂರ್ತಾವೆ ಅಂತ ನಂಗೆ ಗೊತ್ತಲ್ಲ. ದೋಣಿಕಟ್ಟೆ ಹತ್ರ ಹತ್ತು. ಜೊಂಡಿನ ಬಾಯಲ್ಲಿ ಹದಿನೈದು. ಟೆಲಿಸ್ಕೋಪು ತಿರುಗಿಸಿದ್ರೆ ಬಾಯಿ ತಾನೇ ಹೇಳ್ತಿತ್ತು."

"ಸುಳ್ಳು ಹೇಳಿದೆ ನೀನು."

"ಕಣ್ಣು ಹೋಯ್ತು ಅಂದ್ರೆ ನನ್ನ ಬಿಟ್ಟು ಬೇರೆ ಯಾರನ್ನೋ ಕಳಿಸ್ತಾರೆ ಅಂತ ಭಯ ಆಯ್ತು. ಅಷ್ಟೇ. ಆದ್ರೆ ನೀನಿದ್ದೆಯಲ್ಲ ಪಕ್ಕದಲ್ಲಿ! ತಪ್ಪಿದ್ರೆ ಮೂಳೆ ಹಾಕಲ್ಲ ಅಂದ್ಕೊಂಡಿದ್ದೆ. ಮನೇಲಿ ನಾನು ಉಸಿರಾಡಿದ್ರೂ ತಿದ್ದೋಳು ನೀನು. ಒಂದು ಸಲಾನೂ ತಿದ್ದಲಿಲ್ಲ. ಹಾಗಾದ್ರೆ ಸರಿಯಾಗಿಯೇ ಇದೆ ಅಂದ್ಕೊಂಡೆ."

"ನಾನು ನೀರಿಗೆ ಬೆನ್ನು ಹಾಕಿ ನಿಂತಿರ್ತಿದ್ದೆ."

ತಲೆ ಎತ್ತಿ ನನ್ನ ಕಡೆ ತಿರುಗಿದ. ನನ್ನ ಮುಖಕ್ಕಲ್ಲ, ಸ್ವಲ್ಪ ಎಡಕ್ಕೆ.

"ಮೂವತ್ತೈದು ವರ್ಷಾನೂ?"

"ಮೂವತ್ತೈದು ವರ್ಷಾನೂ."

ಟೆಲಿಸ್ಕೋಪಿಗೆ ಕಣ್ಣಿಟ್ಟೋನಿಗೆ ಬೆನ್ನ ಹಿಂದೆ ನಾನು ಯಾವ ಕಡೆ ನಿಂತಿದ್ದೆ ಅಂತ ಹೇಗೆ ಗೊತ್ತಾಗಬೇಕು.

"ಈಗ ಎಷ್ಟಿವೆ?" ಅಂದ.

"ಒಂಬತ್ತು."

ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ನಾನು ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ, ಅವನಿಗೆ ಕೇಳಿಸಿದರೆ ಕೇಳಿಸಲಿ ಅಂತ.

೨೯ ಜನವರಿ

ನಾಲ್ಕು ದಿನ ಮಾತಿಲ್ಲ. ಇವತ್ತು ಬೆಳಿಗ್ಗೆ ತಾನಾಗಿಯೇ ಮೇಜಿಗೆ ಬಂದು ಕೂತ.

"ನೋಟುಬುಕ್ ತಾ. ಕೆಂಪು ಪೆನ್ಸಿಲ್ ತಾ. ವರ್ಷ ವರ್ಷ ಓದು."

ಓದಿದೆ. ೨೦೧೩. "ನೋಡಿದೀನಿ. ಹಂಸ ಮರಿ ಎರಡು, ಬೂದು ಬಣ್ಣ. ಇರಲಿ." ೨೦೧೪. "ಅದೂ ನೋಡಿದ್ದೇ." ೨೦೧೫. ಇನ್ನೊಂದು ಸಲ ಓದಿಸಿದ. "ಹೊಡಿ." ಅಲ್ಲಿಂದ ಈಚೆಗೆ ಒಂದೊಂದಕ್ಕೂ ಹೊಡಿ, ಹೊಡಿ ಅಂದ. ಕೊನೆಯದಕ್ಕೆ ಪೆನ್ಸಿಲು ಕಿತ್ತುಕೊಂಡ, ತಾನೇ ಗೀಟೆಳೆದ. ಗೀಟು ಅಂಕಿಯ ಮೇಲೆ ಬೀಳಲಿಲ್ಲ, ಮೇಜಿನ ಬಟ್ಟೆಯ ಮೇಲೆ ಬಿತ್ತು. ಆಮೇಲೆ ಸರಿಯಾದ ಜಾಗದಲ್ಲಿ ನಾನು ಎಳೆದೆ.

"ಇಬ್ಬರ ಹೆಸರೂ ಬರಿ," ಅಂದ. "ತಪ್ಪು ಒಬ್ಬರದ್ದಲ್ಲ."

೩೦ ಜನವರಿ

ಫೋನು ಅವನೇ ಮಾಡಿದ. ಎಲ್ಲ ಹೇಳಿದ, ಒಂದು ಮಾತೂ ಮುಚ್ಚಿಡಲಿಲ್ಲ. ಆಮೇಲೆ ಚೋಲ್ಪೋನಾಯ್ ಫೋನು ನನಗೆ ಕೊಡಿಸಿದಳು.

"ಎಜೆ, ಕಾವಲುಗಾರನ್ನ ಅಲ್ಲಿಂದ ತೆಗೆದಿದ್ದೇ ನಿಮ್ಮ ಲೆಕ್ಕ ನೋಡಿ. ಇಲ್ಲಿ ಎಲ್ಲ ಚೆನ್ನಾಗಿದೆ, ಬೇರೆ ಕಡೆ ಬೇಕು ಅಂತ. ಆ ಕಾಗದಕ್ಕೆ ಸಹಿ ಹಾಕಿದ್ದು ನಾನು."

ಶಾಲೆಯಲ್ಲಿ ಅವಳಿಗೆ ನಾನೇ ಕಲಿಸಿದ್ದು — ಕಣ್ಣಾರೆ ಕಂಡದ್ದನ್ನ ಮಾತ್ರ ಬರಿ ಅಂತ.

೬ ಫೆಬ್ರವರಿ

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಒಳಗಿನ ನರ ಒಣಗಿದೆಯಂತೆ. ಹತ್ತು ವರ್ಷ ಮೊದಲೇ ಬಂದಿದ್ದರೆ ಹನಿ ಹಾಕಿ ಉಳಿಸಬಹುದಿತ್ತು ಅಂದ. ಬಸ್ಸಿನಲ್ಲಿ ಮುದುಕ ನನ್ನ ಕೈ ಹಿಡಿದು ಕೂತ. ಮದುವೆಯಾದ ಮೇಲೆ ಊರವರೆದುರು ಕೈ ಹಿಡಿದದ್ದು ಇದೇ ಮೊದಲು.

೨೧ ಮಾರ್ಚ್, ನೂರೂಜ್ ಹಬ್ಬ

ಚಪಾನ್ ಬೇರೆ ಕೊಲ್ಲಿಯವರಿಗೆ ಹೋಯ್ತು. ಅಲ್ಲಿ ಹಕ್ಕಿ ಕಮ್ಮಿಯಾಗ್ತಿದೆ ಅಂತ ವರ್ಷ ವರ್ಷ ಬರೀತಿದ್ದರಂತೆ, ಯಾರೂ ಓದಿರಲಿಲ್ಲವಂತೆ. "ನೀಲೀನಾ?" ಅಂತ ಕೇಳಿದ ಮುದುಕ. ಗೊತ್ತಿಲ್ಲ ಅಂದೆ. ನೀಲಿಯೇ. ಚೋಲ್ಪೋನಾಯ್ ಫೋಟೋ ಕಳಿಸಿದ್ದಳು.

ಏಪ್ರಿಲಿಂದ ಕಾವಲುಗಾರ ಮತ್ತೆ ಬರ್ತಾನೆ. ಊಸೋನ್ ಈಗಲೇ ಬಲೆ ಎತ್ತಿಟ್ಟ. "ನಿಮ್ಮ ಮುಖ ನೋಡಿ ಎತ್ತಿದೆ ಎಜೆ, ಕಾವಲುಗಾರನ ಮುಖ ನೋಡಿ ಅಲ್ಲ," ಅಂದ.

೧೨ ಜನವರಿ ೨೦೨೪, ಶುಕ್ರವಾರ

ಒಂಬತ್ತು ತಿಂಗಳ ಮೇಲಾಯ್ತು ಇದರಲ್ಲಿ ಬರೆದು. ಬರೆಯೋಕೆ ಮನಸ್ಸಿರಲಿಲ್ಲ.

ಮೂಳೆ ತೊಳೆದಾಯ್ತು. "ಹತ್ತೇ ತಗೊಂಡು ಹೋಗೋಣ," ಅಂದೆ. "ಐವತ್ತೂ ತಗೋ," ಅಂದ ಮುದುಕ. "ಸಾಲದೆ ಬಂದ್ರೆ?"

೧೩ ಜನವರಿ, ಶನಿವಾರ

ನನ್ನ ಕೋಟು ಅವನಿಗೆ ಹಾಕಿದೆ. ಗುಂಡಿ ಮುಚ್ಚಲಿಲ್ಲ. "ಮೂವತ್ತೈದು ವರ್ಷ ಈ ಚೀಲ ಹಾಕ್ಕೊಂಡು ನಿಂತಿದ್ಯಾ? ಪಾಪ," ಅಂದ. ಅವನನ್ನ ನೀರಿಗೆ ಬೆನ್ನು ಮಾಡಿ ನಿಲ್ಲಿಸಿ, ಟೆಲಿಸ್ಕೋಪಿಗೆ ನಾನು ಕಣ್ಣಿಟ್ಟೆ. ಅವನ ಬಲ ಜೇಬು ಉಬ್ಬಿತ್ತು, ಎಡ ಜೇಬು ಖಾಲಿ.

ಗಾಳಿ ಕಣ್ಣಿಗೇ ಹೊಡೆಯುತ್ತೆ. ಗೊತ್ತೇ ಇರಲಿಲ್ಲ ನನಗೆ. ಇಷ್ಟು ವರ್ಷ ಅವನ ಕಣ್ಣು ಇದನ್ನ ತಡೆದಿದ್ದು ಹೇಗೋ.

ಜೊಂಡಿನ ಬಾಯಲ್ಲಿ ನಾಮದ ಕೋಳಿ ಒತ್ತೊತ್ತಾಗಿ ಕೂತಿದ್ದವು. "ಒಂದು," ಅಂದೆ. ಮೂಳೆಗೆ ಮೂಳೆ ತಾಗಿದ ಸದ್ದು. "ಒಂದು." ಬೇಗ ಬೇಗ ಮೂರು ಹೋದವು. ಮುದುಕನ ಬೆನ್ನು ನೆಟ್ಟಗಾಯ್ತು. ಆಮೇಲೆ ನಿಧಾನ. ನಾಲ್ಕು. ಐದು. ಬಾತುಗಳನ್ನ ಸೇರಿಸಿ ಆರು. ಹೋದ ವರ್ಷದ ಒಂಬತ್ತೂ ಆಗಲ್ಲ ಅಂತ ಆಗಲೇ ಗೊತ್ತಾಯ್ತು. ಒಂದು ವರ್ಷದ ಕಾವಲಿಗೆ ಸತ್ತ ಹಕ್ಕಿ ಎದ್ದು ಬರಲ್ಲ.

ಏಳನೆಯ ಮೂಳೆ ಆಗಲೇ ಕೈಯಲ್ಲಿ ಹಿಡಿದು ಕಾಯ್ತಿದ್ದ. ಆರರ ಮೇಲೆ ಅರವತ್ತು ಹಕ್ಕಿ ಆಗಿತ್ತು, ನಾನು ಟೆಲಿಸ್ಕೋಪು ದೋಣಿಕಟ್ಟೆ ಕಡೆ ತಿರುಗಿಸಿದೆ. ಅರವತ್ತೊಂದು, ಅರವತ್ತೆರಡು, ಅರವತ್ತಮೂರು. ಅಲ್ಲಿಗೆ ಮುಗೀತು. ಆಚೆ ಬರೀ ಅಲೆ.

ಒಂದು ಅಂದುಬಿಡೋಣ ಅನ್ನಿಸ್ತು. ಎಷ್ಟು ಸಣ್ಣ ಮಾತು ಅದು. ಮುದುಕನಿಗೆ ಹೇಗೆ ಅಭ್ಯಾಸವಾಯ್ತು ಅಂತ ಆಗ ಅರ್ಥವಾಯ್ತು. ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯ್ತು.

ಕೈ ಎರಡು ಜೇಬಿನ ಮಧ್ಯೆ ಹಾಗೇ ನಿಂತಿತ್ತು ಅವನದು.

"ಇನ್ನೊಂದು ಸಲ ಹೇಳೇ," ಅಂದ. "ಗಾಳಿಗೆ ಕೇಳಿಸಲಿಲ್ಲ."

ನಾನು ಏನೂ ಹೇಳಿರಲಿಲ್ಲ. ಮತ್ತೆ ದೋಣಿಕಟ್ಟೆಯಿಂದ ಶುರು ಮಾಡಿದೆ. ಅರವತ್ತೊಂದು. ಅರವತ್ತೆರಡು. ಅರವತ್ತಮೂರು —