ತೊಳೆಯಬಾರದ ಮರಿಗೆ

ಜನವರಿ 11, ಶನಿವಾರ

ಹಿಟ್ಟು ಇನ್ನೂ ಕೈಯಲ್ಲೇ ಇದೆ. ಪೆನ್ನೂ ಅಂಟುತ್ತಿದೆ. ಅಂಟಲಿ.

ಓವನ್ ಇವತ್ತೂ ಕೈಕೊಟ್ಟಿತು. ಮೇಲೆ ಕರಿ, ಕೆಳಗೆ ಹಸಿ. ಐರ್ಲೆಂಡಿನ ಬಾಡಿಗೆ ಮನೆಗಳ ಓವನ್ ಪಿಜ್ಜಾ ಬಿಸಿ ಮಾಡುವುದಕ್ಕೇ ಲಾಯಕ್ಕು. ಬಜೆ ಎಲೆ ಇಲ್ಲ, ಅಲ್ಯೂಮಿನಿಯಂ ಹಾಳೆಯ ಮೇಲೆ ಬೇಯಿಸಬೇಕು. ಊರಲ್ಲಿ ಅಜ್ಜಿ ಕೆರೆದಂಡೆಯ ಬಜೆ ಕೊಯ್ದು ಒಣಗಿಸಿ ಇಡುತ್ತಿದ್ದಳು. ರೊಟ್ಟಿಯ ತಳದಲ್ಲಿ ಎಲೆಯ ಗೀರು ಮೂಡುತ್ತಿತ್ತು. ಇಲ್ಲಿ ಮೂಡುವುದು ಹಾಳೆಯ ಸುಕ್ಕು.

ಆದರೂ ಇದು ರೊಟ್ಟಿ. ರೈ ಧಾನ್ಯದ ಹಿಟ್ಟಿನದು, ಹುಳಿ ಬಂದದ್ದು, ಕಪ್ಪಗಿನದು. ಇಲ್ಲಿಯವರು ತಿನ್ನುವುದು ಬ್ರೆಡ್. ಬೆಳ್ಳಗೆ, ಒತ್ತಿದರೆ ಸ್ಪಂಜು. ಪಾತ್ರೆ ಉಜ್ಜಬಹುದು ಅದರಲ್ಲಿ.

ಹನ್ನೊಂದಕ್ಕೆ ಅಜ್ಜಿಯ ಫೋನ್. ಪ್ರತಿ ಶನಿವಾರ ಹೀಗೇ. ಸೊಂಟ ಮುರಿದ ಮೇಲೆ ದೊಡ್ಡಮ್ಮ ಅವಳನ್ನು ಊರಿಂದ ಕೌನಸ್ ನಗರದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ನಾನು ಇಲ್ಲಿಗೆ, ಅಮ್ಮನ ಹತ್ತಿರ. ಹಿಟ್ಟು ನಾದುವ ಮರದ ಮರಿಗೆ ನನ್ನ ಜೊತೆ ಬಂತು.

"ತಟ್ಟು" ಅಂದಳು.

ರೊಟ್ಟಿ ಬೋರಲು ಮಾಡಿ, ಫೋನಿನ ಹತ್ತಿರ ಹಿಡಿದು, ಗೆಣ್ಣಿನಿಂದ ತಳ ತಟ್ಟಿದೆ. ಬೆಂದಿದ್ದರೆ ಟೊಳ್ಳು ಸದ್ದು ಬರಬೇಕು.

"ಹಸಿ. ಇನ್ನೂ ಸ್ವಲ್ಪ ಹೊತ್ತು ಇಡೇ, ಕಪ್ಪೆಮೂತಿ."

"ಅಷ್ಟು ದೂರ ಕೂತ್ಕೊಂಡು ನಿಂಗೇನ್ ಗೊತ್ತಾಗುತ್ತೆ?"

"ಮುರ್ದಿರೋದು ಸೊಂಟ. ಕಿವಿ ಅಲ್ಲ."

ಕತ್ತರಿಸಿ ನೋಡಿದೆ. ಹಸಿ. ಸಿಡಿಲು ಬಡಿಯ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ವೃದ್ಧಾಶ್ರಮದ ಯೂನಿಫಾರ್ಮ್ ಇನ್ನೂ ಬಿಚ್ಚಿರಲಿಲ್ಲ. "ಮುಂದಿನ ಸಲ ನಾನೂ ಒಂಚೂರು ನಾದ್ಲಾ, ಮಿಗ್ಲೆ?"

"ಬೇಡ."

ಯಾಕೆ ಅಂತ ಅವಳಿಗೂ ಗೊತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನನ್ನು ಊರಲ್ಲೇ ಬಿಟ್ಟು, ಇಲ್ಲಿ ದುಡಿಯಲು ಅವಳು ಬಸ್ ಹತ್ತಿದ ದಿನ ಅಜ್ಜಿ ಅಂದಿದ್ದಳು: ಬಿಟ್ಟು ಹೋದವಳ ಕೈ ನನ್ನ ಮರಿಗೆಗೆ ಸೋಕಬಾರದು. ಅಂದಿನಿಂದ ಇಬ್ಬರಿಗೂ ನೇರ ಮಾತಿಲ್ಲ. ನಾನೇ ನಡುವಿನ ತಂತಿ.

ಜನವರಿ 16

ಕೆಲಸ. ಅಣಬೆ ಬೆಳೆಯುವ ಶೆಡ್ಡು. ಕತ್ತಲು, ಶೆಕೆ, ಗೊಬ್ಬರದ ವಾಸನೆ. ಟ್ರಾಲಿ ಮೇಲೆ ನಿಂತು ಕೊಯ್ಯಬೇಕು, ತಿರುಚಬೇಕು, ಕಾಂಡ ಕತ್ತರಿಸಬೇಕು. ಸೂಪರ್‌ವೈಸರ್ ಡೆಕ್ಲನ್‌ಗೆ ಅಣಬೆ ಮೇಲೆ ಬೆರಳಿನ ಗುರುತು ಕಾಣಬಾರದು. ನಮ್ಮ ಮೇಲೆ ಏನು ಗುರುತು ಬಿದ್ದರೂ ಸರಿ.

ಪಕ್ಕದ ಟ್ರಾಲಿಯ ಸ್ಟೊಯಾಂಕಾ ಬಲ್ಗೇರಿಯಾದವಳು. ಊಟಕ್ಕೆ ನನ್ನ ರೊಟ್ಟಿ ಕೊಟ್ಟೆ. ಅಗಿದಳು, ಅಗಿದಳು.

"ಇದು ತಿನ್ನಕ್ಕಾ, ಗೋಡೆ ಕಟ್ಟಕ್ಕಾ?"

"ನುಂಗು, ಗೊತ್ತಾಗುತ್ತೆ."

"ಹುಳಿ ಚೆನ್ನಾಗಿದೆ ಕಣೇ. ಇನ್ನೊಂದು ಕೊಡು." ಆಮೇಲೆ ಕೇಳಿದಳು, "ಮರಿಗೆ ತೊಳಿಯೋದೇ ಇಲ್ಲ ಅಂದಿದ್ಯಲ್ಲ? ಗಲೀಜಲ್ವಾ?"

ಹೇಳಿದೆ. ಪ್ರತಿ ಸಲ ಒಂದು ಮುಷ್ಟಿ ಹಿಟ್ಟು ತಳದಲ್ಲಿ ಉಳಿಸಬೇಕು. ಅದೇ ಮುಂದಿನ ರೊಟ್ಟಿಗೆ ಹೆಪ್ಪು. ತೊಳೆದರೆ ಸತ್ತಿತು. ಅಜ್ಜಿಗೆ ಅವಳ ಅತ್ತೆ ಕೊಟ್ಟಿದ್ದು, ಆ ಅತ್ತೆಗೆ ಇನ್ಯಾರೋ. ಸಾಲಕ್ಕೂ ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಮರಿಗೆ ಮುನಿಸಿಕೊಳ್ಳುತ್ತೆ.

"ನಿನ್ ಥರಾನೇ" ಅಂದಳು ಸ್ಟೊಯಾಂಕಾ.

ಫೆಬ್ರವರಿ 5, ಬುಧವಾರ, ಸಂಜೆ

ತೊಳೆದಿದ್ದಾಳೆ.

ಅಮ್ಮ ಮರಿಗೆಯನ್ನು ತೊಳೆದಿದ್ದಾಳೆ. ಬ್ಲೀಚ್ ಹಾಕಿ, ಬ್ರಷ್ ಹಾಕಿ, ಕಿಟಕಿಗೆ ಒರಗಿಸಿದ್ದಾಳೆ. ಮರ ಬೆಳ್ಳಗೆ, ಎಲುಬಿನ ಹಾಗೆ. ಆಸ್ಪತ್ರೆ ನಾತ.

ಬೆಳಿಗ್ಗೆ ಹೆಪ್ಪಿಗೆ ಒಂದು ಹಿಡಿ ಹಿಟ್ಟು ಉದುರಿಸಿ, ಬಟ್ಟೆ ಮುಚ್ಚಿ, ಸಿಂಕಿನ ಪಕ್ಕ ಇಟ್ಟು ಹೋಗಿದ್ದೆ. ಅಷ್ಟೇ.

"ಡಬಲ್ ಶಿಫ್ಟ್ ಮುಗ್ಸಿ ಬಂದೆ ಕಣೇ. ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ. ಏನೋ ಒಣಗಿ ಹಿಡ್ಕೊಂಡಿದೆ ಅನ್ಕೊಂಡು... ಕೈ ತಾನಾಗೇ ಹೋಯ್ತು. ಅರ್ಧ ಉಜ್ಜಿದ್ಮೇಲೆ ಗೊತ್ತಾಯ್ತು."

"ಗೊತ್ತಾದ್ಮೇಲೂ ಉಜ್ಜಿದ್ಯಲ್ಲ!"

"ಅಷ್ಟೊತ್ತಿಗೆ ಏನೂ ಉಳ್ದಿರ್ಲಿಲ್ಲ ಮಗಾ."

ಬಾಯಿಗೆ ಬಂದಿದ್ದೆಲ್ಲ ಅಂದೆ. ವೃದ್ಧಾಶ್ರಮದ ಕಕ್ಕಸು ತೊಳೆದು ತೊಳೆದು ನಿನಗೆ ಮನೆ ಯಾವುದು, ಕೆಲಸದ ಜಾಗ ಯಾವುದು ಅನ್ನುವುದೇ ಮರೆತಿದೆ ಅಂದೆ. ಮೊದಲು ನನ್ನನ್ನು ಬಿಟ್ಟೆ, ಈಗ ಉಳಿದಿದ್ದ ಒಂದು ಮುಷ್ಟಿಯನ್ನೂ ಮೋರಿಗೆ ಬಿಟ್ಟೆ ಅಂದೆ. ಮೇಜಿನ ಮೇಲೆ ಹೋದ ಸಲದ ರೊಟ್ಟಿಯ ತುದಿ ಇತ್ತು. ಕಲ್ಲಾಗಿತ್ತು. ತೆಗೆದು ಗೋಡೆಗೆ ಎಸೆದೆ.

ಅಮ್ಮ ಬಗ್ಗಿದಳು. ಎತ್ತಿಕೊಂಡಳು. ಮುತ್ತಿಟ್ಟಳು.

ನೆಲಕ್ಕೆ ಬಿದ್ದ ರೊಟ್ಟಿಗೆ ಮುತ್ತಿಡಬೇಕು ಅಂತ ಅಜ್ಜಿ ನನಗೆ ತಲೆಗೆ ಮೊಟಕಿ ಕಲಿಸಿದ್ದು. ಇವಳು ಯೋಚಿಸಲೂ ಇಲ್ಲ. ಏಪ್ರನ್ ಜೇಬಿಗೆ ಹಾಕಿಕೊಂಡು ಒಳಗೆ ಹೋದಳು.

ಫೆಬ್ರವರಿ 6

ಬಿಳಿ ಬ್ರೆಡ್ ತಿಂದೆ. ನಾಲಿಗೆಗೆ ಏನೂ ಆಗಲಿಲ್ಲ.

ಶನಿವಾರ ಅಜ್ಜಿ ತಟ್ಟು ಅನ್ನುತ್ತಾಳೆ. ಏನು ತಟ್ಟಲಿ, ನನ್ನ ತಲೆಯನ್ನಾ?

ಫೆಬ್ರವರಿ 8, ಶನಿವಾರ

ಸುಳ್ಳು ಹೇಳೋಣ ಅಂದುಕೊಂಡಿದ್ದೆ. ಓವನ್ ಕೆಟ್ಟಿದೆ ಅಂತ. ಫೋನ್ ಎತ್ತಿದ ಕೂಡಲೇ ಬಾಯಿಂದ ನಿಜ ಬಿತ್ತು.

"ಅಮ್ಮ ಮರಿಗೆ ತೊಳ್ದುಬಿಟ್ಲು."

ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡ ಸದ್ದು. ಹಿಂದೆ ದೊಡ್ಡಮ್ಮನ ಟಿವಿ.

"ಯಾವ್ದ್ರಲ್ಲಿ ತೊಳೆದ್ಲು?"

"ಬ್ಲೀಚ್."

"ಬರಿಗೈಯಲ್ಲಾ?"

ನಾನು ಅದನ್ನು ನೋಡಿರಲೇ ಇಲ್ಲ. ಅಮ್ಮ ಒಲೆ ಹತ್ತಿರ, ಕೇಳಿಸದವಳ ಹಾಗೆ ನಿಂತಿದ್ದಳು. ಕೈ ನೋಡಿದೆ. ಕೆಂಪಗೆ. ಬೆರಳಿನ ಗೆಣ್ಣುಗಳಲ್ಲಿ ಸೀಳು. ಮೊನ್ನೆಯದಲ್ಲ, ಎಷ್ಟೋ ವರ್ಷದ್ದು.

"ಹೂಂ. ಬರಿಗೈ."

"ಚಿಕ್ಕೋಳಿದ್ದಾಗ ಸೋಪು ತಾಗಿದ್ರೂ ಒಡೀತಿತ್ತು ಅವಳ ಕೈ. ಚಳಿಗಾಲದಲ್ಲಿ ಬಾತುಕೋಳಿ ಕೊಬ್ಬು ಸವರ್ತಿದ್ದೆ. ಈಗ ಯಾರು ಸವರ್ತಾರೆ?"

"ಅಜ್ಜೀ, ಹೆಪ್ಪು ಸತ್ತೋಯ್ತು. ಅದಕ್ಕೇನ್ ಮಾಡ್ಲಿ?"

"ಅದಕ್ಕಾ..." ಅಂದಳು, ಅದೇನೋ ಮರೆತುಹೋದ ಹಾಗೆ. "ಬಿಸಿನೀರಲ್ಲಿ ನೆನ್ಸು. ನಾತ ಹೋಗೋವರ್ಗೂ ನೆನ್ಸು. ಉಪ್ಪು, ಈರುಳ್ಳಿ ಹಾಕಿ ಉಜ್ಜು. ಹಳೇ ರೊಟ್ಟಿ ತುಂಡು ಇದ್ರೆ ನೆನೆಹಾಕಿ, ಹಿಟ್ಟು ಕಲ್ಸಿ, ಬೆಚ್ಚಗಿಡು. ಬಂದ್ರೆ ಬಂತು. ಅವಳೇ ನಾದ್ಲಿ ಅನ್ನು."

"ಯಾರು?"

"ನಿಮ್ಮಮ್ಮ ಕಣೇ. ಇನ್ಯಾರು?"

"ಇಲ್ಲೇ ಇದಾಳೆ. ನೀನೇ ಹೇಳು."

"ನಂಗೆ ಹೇಳಕ್ಕೆ ಬರಲ್ಲ" ಅಂದು ಫೋನ್ ಇಟ್ಟಳು. ಹಠಮಾರಿ ಮುದುಕಿ.

ಫೆಬ್ರವರಿ 9, ಭಾನುವಾರ

ಅಮ್ಮನ ಜೇಬಿನಲ್ಲಿ ಆ ತುಂಡು ಇನ್ನೂ ಇತ್ತು. ಕೊಡು ಅಂದೆ. ಕೊಟ್ಟಳು.

ಮರಿಗೆಗೆ ಉಪ್ಪು, ಈರುಳ್ಳಿ ಉಜ್ಜಿದವಳೂ ಅವಳೇ. ಒಡೆದ ಕೈಗೆ ಉಪ್ಪು. ಹಲ್ಲು ಕಚ್ಚಿಕೊಂಡದ್ದು ಕಂಡಿತು.

"ಕೊಡಿಲ್ಲಿ, ನಾನ್ ಉಜ್ತೀನಿ."

"ಬೇಡ. ತೊಳ್ದೋಳು ನಾನು."

"ಸುಮ್ನೆ ಹೀರೋಯಿನ್ ಆಗ್ಬೇಡ."

ನಕ್ಕಳು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ಫೆಬ್ರವರಿ 12

ಏನೂ ಇಲ್ಲ. ತುಂಡು ನೆನೆಸಿ ಹಿಟ್ಟು ಕಲಸಿಟ್ಟದ್ದು ಬರೀ ಕೆಸರು. ಮೂಗಿಟ್ಟರೆ ಈಗಲೂ ಬ್ಲೀಚ್, ಅಥವಾ ಹಾಗೆ ಅನ್ನಿಸುತ್ತೆ. ಅಮ್ಮ ಮರಿಗೆಗೆ ಬಿಸಿನೀರಿನ ಬಾಟಲಿ ಒರಗಿಸಿ ತನ್ನ ಕಂಬಳಿ ಹೊದಿಸಿದ್ದಾಳೆ. ತಾನು ಕೋಟು ಹೊದ್ದು ಮಲಗುತ್ತಾಳೆ. ಹುಚ್ಚು.

ಕೆಲಸದಿಂದ ಬರುವಾಗ ಮೆಡಿಕಲ್ ಶಾಪಿನಲ್ಲಿ ಕೈಗೆ ಹಚ್ಚುವ ಮುಲಾಮು ತಂದೆ. ಸಿಂಕಿನ ಮೇಲಿಟ್ಟೆ.

ಫೆಬ್ರವರಿ 15, ಶನಿವಾರ

ಅಜ್ಜಿಗೆ ಹೇಳಿದೆ, ಇವತ್ತು ರೊಟ್ಟಿ ಇಲ್ಲ. "ಇರ್ಲಿ" ಅಂದಳು. "ಕೈಗೆ ಏನಾದ್ರೂ ಹಚ್ತಿದಾಳಾ?"

ಫೆಬ್ರವರಿ 17

ಒಂದು ಗುಳ್ಳೆ. ನಾನು ನೋಡುತ್ತಿದ್ದಾಗಲೇ ಎದ್ದು ಒಡೆಯಿತು. ಇನ್ನೊಂದು. ಹುಳಿ ನಾತ. ಇದು ಅಜ್ಜಿಯ ಹುಳಿಯಲ್ಲ. ಬೇರೆ, ಸ್ವಲ್ಪ ಚೂಪು. ಆದರೆ ಜೀವ ಇದೆ.

ಶೆಡ್ಡಿನಲ್ಲಿ ಸ್ಟೊಯಾಂಕಾಗೆ ಹೇಳಿದೆ. "ಹೆಣ್ಣೋ ಗಂಡೋ?" ಅಂದಳು.

ಫೆಬ್ರವರಿ 22, ಶನಿವಾರ

ಅಮ್ಮ ರಜೆ ಹಾಕಿದ್ದಳು. ಉಗುರು ಕತ್ತರಿಸಿ, ತೋಳು ಮಡಚಿ, ನಾದಿದಳು. ಮರೆತಿರಲಿಲ್ಲ. ಮುಷ್ಟಿ ಒತ್ತುವುದು, ಮಡಚುವುದು, ಕೊನೆಗೆ ಅಂಗೈ ಅಂಚಿನಿಂದ ಶಿಲುಬೆ ಗೀರುವುದು... ಎಲ್ಲ ಅಜ್ಜಿಯ ಹಾಗೇ. ನನಗಿಂತ ಚೆನ್ನಾಗಿ. ಹೊಟ್ಟೆ ಉರಿಯಿತು. ಆಮೇಲೆ ಉರಿಯಲಿಲ್ಲ.

ತಳದಲ್ಲಿ ಒಂದು ಮುಷ್ಟಿ ಉಳಿಸಿದಳು. ಬಟ್ಟೆ ಮುಚ್ಚಿ ಕಪಾಟಿನ ಮೇಲಿಟ್ಟಳು, ಸಿಂಕಿನಿಂದ ದೂರ.

ಹನ್ನೊಂದಕ್ಕೆ ಫೋನ್ ಬಂತು. ರೊಟ್ಟಿ ಆಗಷ್ಟೇ ಹೊರಗೆ ಬಂದಿತ್ತು. ತಗ್ಗಿದೆ, ಒಂದು ಕಡೆ ವಾಲಿದೆ.

"ತಟ್ಟು."

ಫೋನ್ ಅಮ್ಮನ ಮುಂದೆ ಹಿಡಿದೆ. ಅಮ್ಮ ನನ್ನ ಮುಖ ನೋಡಿದಳು. ರೊಟ್ಟಿ ಬೋರಲು ಮಾಡಿ ಬೆರಳ ಗೆಣ್ಣಿನಿಂದ ತಟ್ಟಿದಳು.

ಆ ಕಡೆ ದೊಡ್ಡಮ್ಮನ ಟಿವಿ ಆಫ್ ಆಯಿತು. ಇದು ನನ್ನ ಕೈಯಲ್ಲ ಅಂತ ಅಜ್ಜಿಗೆ ಗೊತ್ತಾಯಿತು. ಹಸಿ ಅನ್ನಲಿಲ್ಲ. ಬೆಂದಿದೆ ಅಂತಲೂ ಅನ್ನಲಿಲ್ಲ.

"ಇನ್ನೊಂದ್ಸಲ" ಅಂದಳು.

ಅಮ್ಮ ತಟ್ಟಿದಳು.

"ಇನ್ನೊಂದ್ಸಲ."