ದಕ್ಷಿಣದ ಗೇಟು

ನೈರೋಬಿ
ಗುರುವಾರ

ಮಾನ್ಯ ಭಾವನವರಿಗೆ ಶ್ರೀಕಂಠನ ನಮಸ್ಕಾರಗಳು.

ನೀವು ಕೇಳಿದ ಹೇಳಿಕೆಗೆ ಸಂಬಂಧಿಸಿದ ಸಂಗತಿಗಳು ಇವು:

೧. ಕಸರಾನಿಯ ಆಚೆ ನಿಮ್ಮ ಕಂಪನಿ ಕಟ್ಟಿದ ಫುಟ್‌ಬಾಲ್ ಮೈದಾನಕ್ಕೆ, ನಡೆದು ಬರುವವರಿಗಾಗಿ ನಾನು ದಕ್ಷಿಣದಲ್ಲಿ, ಮಟಾಟು ವ್ಯಾನುಗಳ ನಿಲ್ದಾಣದ ಎದುರಿಗೇ, ಒಂದು ಗೇಟು ಇಟ್ಟಿದ್ದೆ.

೨. "ದಕ್ಷಿಣಕ್ಕೆ ಬಾಗಿಲಾ? ಯಮನ ದಿಕ್ಕು ಕಣ್ರೀ! ಇಂಜಿನಿಯರಿಂಗ್ ಓದಿ ಇಷ್ಟೂ ಗೊತ್ತಿಲ್ವಾ?" ಎಂದು ನಕ್ಕು ನೀವು ಅದನ್ನು ಮುಚ್ಚಿಸಿದಿರಿ. ಈಶಾನ್ಯದ ಪಾರ್ಕಿಂಗ್ ಗೇಟೊಂದೇ ಎಲ್ಲರಿಗೂ ಉಳಿಯಿತು.

೩. ಭಾನುವಾರ ಪಂದ್ಯ ಮುಗಿದಾಗ ಅಲ್ಲಿ ಜನರ ನಡುವೆಯೇ ಕಾರುಗಳು ನುಗ್ಗಿದವು. ಹಿಂದಕ್ಕೆ ಸರಿದ ಕಾರೊಂದು ಒಬ್ಬ ಹೆಂಗಸನ್ನು ಗೋಡೆಗೆ ಒತ್ತಿ ಕೊಂದಿತು.

೪. ಗೇಟಿನಲ್ಲಿದ್ದ ಕಾವಲುಗಾರ ವಂಜಾಲಾ ಅಂದಿನಿಂದ ಲಾಕಪ್ಪಿನಲ್ಲಿದ್ದಾನೆ.

ತಪ್ಪು ಅವನದೇ ಎಂದು ನಾನು ಪೊಲೀಸರಿಗೆ ಹೇಳಬೇಕೆಂಬುದು ನಿಮ್ಮ ಅಪೇಕ್ಷೆ. "ಅವನಿಗೆ ಆಮೇಲೆ ಏನಾದ್ರೂ ಮಾಡೋಣ, ಈಗ ಮನೆ ಮರ್ಯಾದೆ ನೋಡಿ" ಎಂದಿರಿ. ನನ್ನ ವರ್ಕ್ ಪರ್ಮಿಟ್ ನಿಮ್ಮ ಕಂಪನಿಯದು ಎಂಬುದನ್ನೂ ನೆನಪಿಸಿದಿರಿ.

ಆ ಗೋಡೆಗೆ ಸೋಮವಾರವೇ ಬಣ್ಣ ಹೊಡೆಸಿದ್ದೀರಿ, ಕೆಲಸ ಚೊಕ್ಕಟವಾಗಿದೆ. ಶಾಂತಿಹೋಮಕ್ಕೆ ಪುರೋಹಿತರೂ ಬಂದರು. ವಂಜಾಲಾನ ಮನೆಗೆ ಮಾತ್ರ ಯಾರೂ ಹೋಗಲಿಲ್ಲ.

ಕಂಪನಿಯ ಕಾರನ್ನು ಕಚೇರಿಯಲ್ಲಿ ಬಿಟ್ಟಿದ್ದೇನೆ. ಕೀಲಿಕೈ ರಿಸೆಪ್ಷನ್ನಿನ ಚಿತ್ರಾ ಅವರ ಬಳಿ ಇದೆ, ದಯವಿಟ್ಟು ಪಡೆದುಕೊಳ್ಳಿ. ನಿಮ್ಮ ತಂಗಿ ಹಂಸಾಗೆ ಫೋನ್ ಮಾಡಿ ಅಳಿಸಬೇಡಿ. ಅವಳಿಗೆ ಎಲ್ಲವನ್ನೂ ನಾನೇ ಹೇಳಿದ್ದೇನೆ. ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಳೆ.

ಇಂದು ಬೆಳಗ್ಗೆ ಠಾಣೆಗೆ ಹೋಗಿ, ವಂಜಾಲಾ ನಿರಪರಾಧಿ ಎಂದು ಹೇಳಿಕೆ ಕೊಟ್ಟು ಬಂದಿದ್ದೇನೆ. ನಿಮ್ಮ ಹೆಸರನ್ನೂ ಹೇಳಿದ್ದೇನೆ.

ಇತಿ,
ಶ್ರೀಕಂಠ