ಅರಿವೆ ಹೊದಿಸಿದ ರೆಕ್ಕೆ

ಮಸ್ಕಿ, ಲಿಂಗಸುಗೂರು ತಾಲ್ಲೂಕು
ಭಾನುವಾರ, ೨೨ ನವೆಂಬರ್ ೧೯೫೩

ಪ್ರೀತಿಯ ತಮ್ಮ ಕಾಳಪ್ಪನಿಗೆ ಅಕ್ಕ ಕಸ್ತೂರೆಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಬೇಗಂಪೇಟೆಯ ವಿಮಾನದ ಕಾರ್ಖಾನೆಯಲ್ಲಿ ದಿನವಿಡೀ ಆ ಘಾಟು ಕುಡಿಯುವವನು ಸಂಜೆಗಾದರೂ ಬಿಸಿ ಹಾಲಿಗೆ ಅರಿಸಿನ ಹಾಕಿಕೊಂಡು ಕುಡಿ. ನಿನ್ನ ಜಂಬಮ್ಮನಿಗೆ ಏಳು ತಿಂಗಳು ತುಂಬಿತೆಂದು ನೀನು ಬರೆದಿದ್ದೆ. ಅವಳಿಗೆ ನೀರಿನ ಕೊಡ ಎತ್ತಲು ಬಿಡಬೇಡ, ನೀನೇ ಎತ್ತು. ನಿಮ್ಮ ಮಾವ, ನನ್ನ ಯಜಮಾನರು, ಸಿಂಧನೂರಿನ ಕಡೆ ಕಾಲುವೆ ಕೆಲಸದಲ್ಲಿದ್ದಾರೆ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಅವರ ಅಂಗಿ ಒಗೆದರೆ ಬಚ್ಚಲ ತುಂಬ ಎರೆಮಣ್ಣು. ಅಪ್ಪ ಚೆನ್ನಾಗಿದ್ದಾನೆ, ಎರಡು ಹೊತ್ತು ರೊಟ್ಟಿ ತಿನ್ನುತ್ತಾನೆ.

ಇನ್ನು ನಿನ್ನ ವಿಮಾನದ ಸುದ್ದಿ. ಅದರ ಮೈ ಮತ್ತು ಇಂಜಿನ್ನು ನಿನ್ನ ಹತ್ತಿರ, ಅಪ್ಪ ಕಟ್ಟಿಗೆಯಲ್ಲಿ ಮಾಡಿದ ನಾಲ್ಕು ರೆಕ್ಕೆ ನಮ್ಮ ಹತ್ತಿರ. ಲಿಂಗಸುಗೂರಿನ ಬಯಲಿಗೆ ಇಳಿದಿದ್ದ ಆ ಹಳೆಯ ಜೋಡಿರೆಕ್ಕೆಯ ವಿಮಾನದ ಮುರಿದ ಕಟ್ಟಿಗೆಯನ್ನು ತಾನು ಹರೆಯದಲ್ಲಿ ಕೂಡಿಸಿಕೊಟ್ಟ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದನೋ, ಅದನ್ನು ಕೇಳಿ ಬೆಳೆದ ನೀನು ಅಂಥದೇ ಒಂದು ಮಾಡಲು ಹೊರಟೆ. ಸೂಗಪ್ಪ ಸಾವಕಾರರು ತಮ್ಮ ಹತ್ತಿಯ ಗೋದಾಮು ಬಿಟ್ಟುಕೊಟ್ಟಿದ್ದಾರೆ. ಸಂಕ್ರಾಂತಿಯ ಹೊತ್ತಿಗೆ ಹೊಸ ಹತ್ತಿ ಬರುತ್ತದೆ, ಅಷ್ಟರೊಳಗೆ ಖಾಲಿ ಮಾಡಬೇಕು. ಹೀಗಾಗಿ ದೀಪಾವಳಿ ಮುಗಿದ ಮರುದಿನವೇ ದರ್ಜಿ ಗೌಸ್‌ಸಾಬನ ಹೆಂಡತಿ ಸಕೀನಾಬೀಯನ್ನು ಕರೆದುಕೊಂಡು ಕೆಲಸಕ್ಕೆ ಕೂತೆ. ಗೌಸ್‌ಸಾಬ ಮಿಶನ್ನಿನ ಮೇಲೆ ಚೀಲದಂತೆ ಹೊಲಿದುಕೊಟ್ಟ ಅರಿವೆಯನ್ನು ರೆಕ್ಕೆಗೆ ತೊಡಿಸುವುದು ಕೂಸಿಗೆ ಕುಲಾಯಿ ತೊಡಿಸಿದಷ್ಟು ಸುಲಭವಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ನೆರಿಗೆ ಬೀಳುತ್ತದೆ. ಮೊದಲ ಎರಡು ರೆಕ್ಕೆ ಹೊಲಿದು ಮುಗಿಸಿ, ಅರಿವೆ ಬಿಗಿಯಲೆಂದು ನೀನು ಕಳಿಸಿದ ಡಬ್ಬಿಯ ಡೋಪನ್ನೂ ಬಳಿದೆವು. ಕೊಳೆತ ಬಾಳೆಹಣ್ಣಿನಂಥ ವಾಸನೆ. ಬಳಿದ ಕೂಡಲೇ ಅರಿವೆ ಜೋತುಬಿದ್ದಾಗ ಕೆಟ್ಟಿತೆಂದುಕೊಂಡೆ. ಒಣಗಿದ ಮೇಲೆ ಬೆರಳಿಂದ ಬಡಿದರೆ ಬಾರಿಸುವ ಹಲಗೆಯಂತೆ ನುಡಿಯಿತು. ಸಕೀನಾಬೀ ಎಷ್ಟೋ ಹೊತ್ತು ಅದನ್ನು ಬಡಿಯುತ್ತಲೇ ಇದ್ದಳು.

ಮೂರನೆಯದನ್ನು ಹೋದ ಮಂಗಳವಾರ ಹಿಡಿದೆವು. ರೆಕ್ಕೆಯನ್ನು ಗೋಡೆಯಂತೆ ಎತ್ತಿ ನಿಲ್ಲಿಸಿ ಈಚೆ ನಾನು, ಆಚೆ ಅವಳು. ನಾನು ಚುಚ್ಚಿದ ದಬ್ಬಣವನ್ನು ಅವಳು ಎಳೆದುಕೊಳ್ಳುವುದು, ಅವಳು ಚುಚ್ಚಿದ್ದನ್ನು ನಾನು. ಮುಖ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ರೆಕ್ಕೆಯ ಉದ್ದಕ್ಕೂ ಹಾಯುವ ದೊಡ್ಡ ತೊಲೆಯ ಹತ್ತಿರ ಬಂದಾಗ ಅವಳು ನಿಂತಳು. "ಅಕ್ಕಾ, ಇಲ್ಲಿ ದಬ್ಬಣ ಕಟ್ಟಿಗಿಗೆ ತಾಗವಲ್ದು. ಒಳಗ ಹೋಗಾಕತ್ತೈತಿ" ಎಂದಳು. ನಾನು ಆಚೆ ಹೋಗಿ ನೋಡಿದೆ. ತೊಲೆಗೆ ಬಡಿದು ನಿಲ್ಲಬೇಕಾದ ದಬ್ಬಣ ಬೆರಳುದ್ದ ಇಳಿದಿತ್ತು. ಹೊರಗೆ ತೆಗೆದರೆ ತುದಿಗೆ ಮೇಣ, ಮೇಣದಲ್ಲಿ ಕಟ್ಟಿಗೆಯ ಹಿಟ್ಟು. ಯಾರೋ ಸೀಳನ್ನು ತುಂಬಿ ಮುಚ್ಚಿದ್ದರು. ಆ ತೊಲೆ ಮುಟ್ಟಿದವನು ಅಪ್ಪ ಒಬ್ಬನೇ.

ನಿನ್ನ ಮುಂದೆ ಮುಚ್ಚಿಡುವುದೇನು. ನಾನು ಸಕೀನಾಬೀಗೆ, ಇರಲಿ, ಮುಂದಕ್ಕೆ ಹೊಲಿ ಎಂದೆ. ನಲವತ್ತು ವರ್ಷ ಈ ಸೀಮೆಯ ಬಾಗಿಲು ಬಂಡಿಗಳನ್ನೆಲ್ಲ ಮಾಡಿದ ಮನುಷ್ಯನಿಗೆ, ನಿನ್ನ ಕೆಲಸ ತಪ್ಪಿದೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಐದು ಗಂಟು ಹಾಕಿದೆವು. ಆರನೆಯದಕ್ಕೆ ನಾನು ಚುಚ್ಚಿದ ದಬ್ಬಣವನ್ನು ಅವಳು ತಿರುಗಿ ಕಳಿಸಲಿಲ್ಲ. ಆಚೆಯಿಂದ ಮೆಲ್ಲಗೆ ಕೇಳಿದಳು: "ಕಾಳಪ್ಪ ಇದರಾಗ ಕುಂದ್ರಾಂವ ಅಲ್ಲೇನ ಅಕ್ಕಾ?"

ಎದ್ದು ಮನೆಗೆ ಹೋದೆ. ಅಪ್ಪ ಅಂಗಳದಲ್ಲಿ ಉಳಿ ಮಸೆಯುತ್ತಿದ್ದ. ಹೇಳಿದೆ. ಮಸೆಯುವುದನ್ನು ನಿಲ್ಲಿಸಿ ಎದ್ದ. ನನ್ನ ಹೆಗಲ ಮೇಲೆ ಕೈಯಿಟ್ಟು ಗೋದಾಮಿಗೆ ಬಂದ, ಅರಿವೆಯ ಮೇಲೆ ಅಂಗೈ ಆಡಿಸಿದ, ಸರಿಯಾಗಿ ಅದೇ ಜಾಗದಲ್ಲಿ ಕೈ ನಿಂತಿತು. "ಮ್ಯಾಲಿನ ಸೀಳು ಅಂತ ತಿಳಿದು ಮೇಣ ತುಂಬಿದ್ದೆ. ಈಟು ಆಳ ಹೋಗೈತಿ ಅಂತ ಗೊತ್ತಾಗಲಿಲ್ಲವ್ವ" ಎಂದ. ಆಮೇಲೆ, "ಹರಿ. ನಿನ್ನ ಕೈಲಿ ಆಗದಿದ್ರ ಕತ್ತರಿ ನನಗ ಕೊಡು" ಎಂದ. ಉಳಿದ ಅರಿವೆ ಒಂದು ರೆಕ್ಕೆಗೆ ಮಾತ್ರ ಸಾಲುವಷ್ಟಿದೆ, ಸಕೀನಾಬೀಯ ಇಡೀ ದಿನದ ಹೊಲಿಗೆ ಹಾಳಾಗುತ್ತದೆ ಎಂದು ನಾನು ತಡೆದೆ. ಅವಳೇ "ಹೊಲಿಗಿ ಮತ್ತ ಹಾಕಿದರಾತು" ಎಂದು ನನ್ನ ಕೈಯಿಂದ ಕತ್ತರಿ ಇಸಿದುಕೊಂಡು ಅರಿವೆ ಸೀಳಿದಳು. ಒಳಗೆ ತೊಲೆ ಆರಪಾರ ಬಿರುಕು ಬಿಟ್ಟಿತ್ತು.

ನೀನು ಕಳಿಸಿದ ಬಿಳಿ ಕಟ್ಟಿಗೆಯಲ್ಲಿ ಒಂದು ತುಂಡು ಉಳಿದಿತ್ತು. ಸೀಳಿದ ಭಾಗ ತೆಗೆದು, ಎರಡೂ ತುದಿಯನ್ನು ಉದ್ದಕ್ಕೆ ಓರೆ ಕೆತ್ತಿ ಅಪ್ಪ ಹೊಸದನ್ನು ಕೂಡಿಸಿದ. ಅಂಟು ನಾಲ್ಕು ದಿನ ಬಿಗಿಯಲ್ಲಿತ್ತು, ಇವತ್ತು ಬಿಚ್ಚಿದೆವು. ಅರಿವೆಗೆ ತೇಪೆ ಹಾಕಿ ಮತ್ತೆ ಹೊಲಿಯುತ್ತೇವೆ. ಇದನ್ನೆಲ್ಲ ಬರೆಯಲೋ ಬೇಡವೋ ಎಂದು ಕೇಳಿದ್ದಕ್ಕೆ ಅಪ್ಪ, "ಬರಿ. ಅಂವ ಹಾರಾಂವ, ಅವಗ ತಿಳೀಬೇಕು" ಎಂದ. ಇಂಥ ಸೀಳು ಅಪ್ಪನಿಗೆ ಹೇಗೆ ತಿಳಿಯದೆ ಹೋಯಿತು ಎಂದು ನೀನು ಅಲ್ಲಿಂದ ಕೇಳಿ ಬರೆಯಬೇಡ. ಹೇಗೋ ಆಯಿತು.

ಜಂಬಮ್ಮನಿಗೆ ಅಪ್ಪನ ಆಶೀರ್ವಾದ, ನನ್ನವೂ. ಸಕೀನಾಬೀ ಸಲಾಂ ಹೇಳಿದ್ದಾಳೆ. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿರಿ, ಸುಖವಾಗಿರಿ.

ಇಂತು ನಿನ್ನ ಅಕ್ಕ,
ಕಸ್ತೂರೆಮ್ಮ

ತಾ.ಕ.: ಮೇಲಿನದನ್ನು ಅಪ್ಪನಿಗೆ ಓದಿ ಹೇಳಿದ್ದೇನೆ. ಇದನ್ನು ಅಂಚೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅವನಿಗೆ ಗೊತ್ತಿಲ್ಲ. ಹೊಸ ಕಟ್ಟಿಗೆ ಕೆತ್ತಿದ್ದು ಅಪ್ಪನಲ್ಲ, ನಾನು. ಅವನು ಹೆಬ್ಬೆರಳಾಡಿಸಿ, ಇಲ್ಲಿ ಇನ್ನೊಂದೀಟು, ಇಲ್ಲಿ ಸಾಕು ಎಂದು ಹೇಳಿದ. ಅವನ ಎಡಗಣ್ಣು ಪೂರಾ ಹೋಗಿದೆ, ಬಲಗಣ್ಣಿಗೆ ನೆರಳಷ್ಟೇ. ಮೊದಲ ರೆಕ್ಕೆಯೊಂದನ್ನು ಬಿಟ್ಟರೆ ಉಳಿದ ಮೂರನ್ನೂ ಬರೀ ಕೈಯಿಂದ ತಡವಿ ಮಾಡಿದ್ದಾನೆ. ಅರಿವೆ ಹೋದರೆ ಹೋಗಲಿ, ಎಲ್ಲವನ್ನೂ ಬಿಚ್ಚಿ ನೋಡುವ ತನಕ ನೀನು ಅದರಲ್ಲಿ ಕೂರಬೇಡ, ನಾನು ಕೂಡಿಸಿದ ತೊಲೆಯನ್ನೂ ಬಿಡದೆ ನೋಡು. ನಿಮ್ಮಲ್ಲಿ ಕಣ್ಣಿನ ದೊಡ್ಡ ಡಾಕ್ಟರರು ಇದ್ದಾರಂತೆ. ಕಣ್ಣು ತೋರಿಸಲು ಬಾ ಎಂದರೆ ಅಪ್ಪ ಬರುವುದಿಲ್ಲ. ರೆಕ್ಕೆ ಕೂಡಿಸಲು ನನ್ನ ಕೈಲಿ ಆಗವಲ್ದು, ನೀ ಬರಬೇಕು ಎಂದು ಅವನಿಗೆ ಬರೆ. ಎರಡು ದಿನದಲ್ಲೇ ಬರೆ.